ಅಕ್ಕಿ ಮೂಟೆಗಿಂತ ಮೊದಲು ಬೇಳೆ ಡಬ್ಬ

ಪ್ರಶ್ನೆ: ನಾವು ತುಮಕೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ಪತಿ, ಅತ್ತೆ, ಎಂಟನೇ ಮತ್ತು ಐದನೇ ತರಗತಿಯಲ್ಲಿ ಓದುವ ಇಬ್ಬರು ಮಕ್ಕಳು. ಪತಿ ಕೆಲಸ ಮಾಡುವ ಕಾರ್ಖಾನೆಯನ್ನು ಮಾರ್ಚ್ ಕೊನೆಗೆ ಮುಚ್ಚುತ್ತಾರಂತೆ. ಅವರ ಸಂಬಳ 26,000 ರೂಪಾಯಿ. ಅದು ನಿಂತರೆ ನಾನು ಹೊಲಿಗೆಯಿಂದ ಗಳಿಸುವ ಎಂಟು–ಒಂಬತ್ತು ಸಾವಿರ ಮತ್ತು ಗೃಹಲಕ್ಷ್ಮಿಯ 2,000 ಮಾತ್ರ ಉಳಿಯುತ್ತದೆ. ಬಾಡಿಗೆಯೇ 7,000. ಕೈಯಲ್ಲಿ 60,000 ರೂಪಾಯಿ ಉಳಿತಾಯವಿದೆ. ‘ಸಂಬಳ ಬರುತ್ತಿರುವಾಗಲೇ ಒಂದು ವರ್ಷದ ದಿನಸಿ ತುಂಬಿಸಿಬಿಡು, ಹೊಟ್ಟೆಯ ಚಿಂತೆ ಇರುವುದಿಲ್ಲ’ ಎಂದು ನನ್ನ ಅಕ್ಕ ಹೇಳುತ್ತಾಳೆ. ಸದ್ಯ ತಿಂಗಳಿಗೆ 25 ಕಿಲೋ ಅಕ್ಕಿ, ಐದು ಕಿಲೋ ರಾಗಿ, ಎಲ್ಲ ಬೇಳೆಕಾಳು ಸೇರಿ ಐದು ಕಿಲೋ, ನಾಲ್ಕು ಲೀಟರ್ ಎಣ್ಣೆ ಖರ್ಚಾಗುತ್ತದೆ. ಏನನ್ನು, ಎಷ್ಟು ತಂದಿಡಲಿ? ಹುಳು ಹಿಡಿಯದಂತೆ ಇಡುವುದು ಹೇಗೆ?

ಉತ್ತರ: ಜನವರಿಯಲ್ಲೇ ಕೇಳಿದಿರಿ, ಒಳ್ಳೆಯದಾಯಿತು. ಈ ಪ್ರಶ್ನೆ ನನಗೆ ಸಾಮಾನ್ಯವಾಗಿ ಬರುವುದು ಜೂನ್‌ನಲ್ಲಿ. ಆ ವೇಳೆಗೆ ಸಂಬಳ ನಿಂತು ಎರಡು ತಿಂಗಳಾಗಿರುತ್ತದೆ, ಮಳೆ ಹಿಡಿದಿರುತ್ತದೆ, ಶಾಲೆಯ ಶುಲ್ಕ ಕಟ್ಟಬೇಕಾಗಿರುತ್ತದೆ. ನಿಮಗೆ ಇನ್ನೂ ಮೂರು ಸಂಬಳವಿದೆ. ಈಗ ಸುಗ್ಗಿಯ ಕಾಲ, ಮುಂದೆ ಬಿಸಿಲಿನ ಎರಡು ತಿಂಗಳು ಬರಲಿವೆ. ದಿನಸಿ ಸಂಗ್ರಹಿಸುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ವರ್ಷದಲ್ಲಿ ಇನ್ನೊಂದಿಲ್ಲ.

ಆದರೆ ನಿಮ್ಮ ಅಕ್ಕನ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನು ನಾನೇ ಒಮ್ಮೆ ಮಾಡಿ ನೋಡಿದ್ದೇನೆ. ಬಹಳ ವರ್ಷಗಳ ಹಿಂದೆ ನಮ್ಮ ಯಜಮಾನರ ಕೆಲಸ ಹೋಗುತ್ತದೆಂದು ತಿಳಿದಾಗ ಗಾಬರಿಯಲ್ಲಿ ಒಂದು ಕ್ವಿಂಟಲ್ ಅಕ್ಕಿ, ಹತ್ತು ಕಿಲೋ ರವೆ, ಹತ್ತು ಕಿಲೋ ಗೋಧಿ ಹಿಟ್ಟು ತಂದು ಮಂಚದ ಕೆಳಗೆ ಜೋಡಿಸಿದೆ. ಗೃಹವಿಜ್ಞಾನ ಪಾಠ ಮಾಡುತ್ತಿದ್ದವಳು ನಾನು, ನನಗೇನು ಗೊತ್ತಿಲ್ಲ ಎಂಬ ಧೈರ್ಯ ಬೇರೆ. ಆಷಾಢ ಬರುವ ಹೊತ್ತಿಗೆ ರವೆ ಗೂಡು ಕಟ್ಟಿತ್ತು, ಹಿಟ್ಟು ಕಹಿಯಾಗಿತ್ತು, ನೆಲ ಒರೆಸಿದ ತೇವ ಹೀರಿ ಕೆಳಗಿನ ಮೂಟೆಯ ಅಕ್ಕಿ ಮುಗ್ಗಲು ಹಿಡಿದಿತ್ತು. ಅದೂ ಹೋಗಲಿ. ಮನೆಯಲ್ಲಿ ಅಕ್ಕಿ ರಾಶಿಯಿದ್ದರೂ ಬೇಳೆ ತರಲು ಕೈಯಲ್ಲಿ ಕಾಸಿರಲಿಲ್ಲ. ಮೂರು ತಿಂಗಳು ನನ್ನ ಮಕ್ಕಳು ತಿಳಿಸಾರು ಅನ್ನ ತಿಂದರು. ನಾನು ಇಂದು ಹೇಳುವುದರಲ್ಲಿ ಅರ್ಧ ಆ ಮೂರು ತಿಂಗಳಲ್ಲಿ ಕಲಿತದ್ದು.

ಆದಾಯ ಕುಸಿದ ಮನೆಯಲ್ಲಿ ಅನ್ನ ಅಷ್ಟು ಬೇಗ ನಿಲ್ಲುವುದಿಲ್ಲ. ತಟ್ಟೆಯಿಂದ ಮೊದಲು ಜಾರುವುದು ಬೇಳೆ, ಆಮೇಲೆ ಹಾಲು, ಮೊಟ್ಟೆ, ಹಣ್ಣು, ಸೊಪ್ಪು. ಅಕ್ಕಿ ಅಗ್ಗಕ್ಕೆ ಸಿಗುತ್ತದೆ, ನೆಂಟರು ಕೊಡುತ್ತಾರೆ, ಊರಿನಿಂದ ಬರುತ್ತದೆ. ಬೇಳೆಯನ್ನು ಹಾಗೆ ಯಾರೂ ಕೊಡುವುದಿಲ್ಲ. ಸಾರಿನಲ್ಲಿ ಬೇಳೆ ಕಡಿಮೆಯಾದದ್ದು ಮನೆಯವರ ಗಮನಕ್ಕೂ ಬರುವುದಿಲ್ಲ. ಒಂದು ಹಿಡಿ ಕಡಿಮೆ ಹಾಕಿ ಒಂದು ಲೋಟ ನೀರು ಹೆಚ್ಚು ಸುರಿದರೆ ಪಾತ್ರೆ ಅಷ್ಟೇ ತುಂಬುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2,000 ಕ್ಯಾಲೊರಿ ಬೇಕಾದ ವ್ಯಕ್ತಿಗೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಎಂದಿದೆ. ನೀವು ಬರೆದ ಲೆಕ್ಕದ ಪ್ರಕಾರ ನಿಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಸಿಗುತ್ತಿರುವ ಬೇಳೆಕಾಳು 33 ಗ್ರಾಂ ಮಾತ್ರ, ಅದೂ ಪೂರ್ತಿ ಸಂಬಳ ಬರುತ್ತಿರುವಾಗ. ಇನ್ನು ಕಡಿಮೆಯಾದರೆ ಉಳಿಯುವುದೇನು? ಹಾಗಾಗಿ ನಿಮ್ಮ ಸಂಗ್ರಹದ ಹಣದಲ್ಲಿ ಮೊದಲ ಪಾಲು ಬೇಳೆಕಾಳಿಗೆ ಹೋಗಲಿ. ಅಕ್ಕಿಯ ಮೂಟೆ ಕಣ್ಣಿಗೆ ಧೈರ್ಯ ಕೊಡುತ್ತದೆ, ನಿಜ. ಅದು ಎರಡನೆಯದು.

ಎಷ್ಟು ಬೇಕು ಎಂಬ ಲೆಕ್ಕಕ್ಕೆ ಬರುವ ಮೊದಲು ನೀವು ಮರೆತಿರಬಹುದಾದ ಒಂದು ಸಂಗತಿ ಇದೆ. ನಿಮ್ಮ ಪತಿ ಮಧ್ಯಾಹ್ನದ ಊಟವನ್ನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಾಡುತ್ತಾರೆಯೇ? ಮಕ್ಕಳಿಗೆ ಶಾಲೆಯಲ್ಲಿ ಬಿಸಿಯೂಟ ಇದೆಯೇ? ಸರ್ಕಾರಿ, ಅನುದಾನಿತ ಶಾಲೆಯಾದರೆ ಹತ್ತನೇ ತರಗತಿಯವರೆಗೂ ಇರುತ್ತದೆ. ಏಪ್ರಿಲ್ ಬಂದರೆ ಈ ಮೂವರೂ ಮಧ್ಯಾಹ್ನ ಮನೆಯಲ್ಲೇ ಇರುತ್ತಾರೆ. ಪತಿಯ 26 ಊಟ, ಮಕ್ಕಳ ತಲಾ 24 ಊಟ, ಒಟ್ಟು ತಿಂಗಳಿಗೆ 74 ತಟ್ಟೆ ಹೆಚ್ಚು. ಐವರಿಗೆ ದಿನಕ್ಕೆ ಮೂರು ಹೊತ್ತಿನಂತೆ ತಿಂಗಳಿಗೆ 450 ತಟ್ಟೆ. ಅದರಲ್ಲಿ ಈಗ ನಿಮ್ಮ ಒಲೆಯ ಮೇಲೆ ಬೇಯುತ್ತಿರುವುದು 376ಕ್ಕೆ ಮಾತ್ರ. ಅಂದರೆ ಆದಾಯ ಇಳಿಯುವ ತಿಂಗಳೇ ಅಡುಗೆಮನೆಯ ಖರ್ಚು ಐದನೇ ಒಂದು ಭಾಗ ಏರುತ್ತದೆ. ಜನವರಿಯ ಲೆಕ್ಕ ಹಿಡಿದು ಏಪ್ರಿಲ್‌ಗೆ ದಿನಸಿ ತಂದವರು ‘ಇಷ್ಟು ಬೇಗ ಹೇಗೆ ಮುಗಿಯಿತು’ ಎಂದು ಪೇಚಾಡುವುದು ಇದಕ್ಕೇ. ಮೂವರೂ ಮನೆಯಿಂದಲೇ ಊಟದ ಡಬ್ಬಿ ಕಟ್ಟಿಕೊಂಡು ಹೋಗುವವರಾದರೆ ಈ ಲೆಕ್ಕ ನಿಮಗೆ ಬೇಡ.

ನನ್ನ ಸಲಹೆ ಮೂರು ತಿಂಗಳಿಗೆ ಸಾಕಾಗುವಷ್ಟು. ಏಪ್ರಿಲ್, ಮೇ, ಜೂನ್. ಒಂದು ವರ್ಷದ್ದು ಬೇಡವೇ ಬೇಡ. ಹುಣಸೆಹಣ್ಣು, ಒಣಮೆಣಸಿನಕಾಯಿ, ರಾಗಿ ಈ ಮೂರು ಇದಕ್ಕೆ ಹೊರತು, ಅವುಗಳ ಕಾರಣ ಮುಂದೆ ಹೇಳುತ್ತೇನೆ. ಒಟ್ಟು ಖರ್ಚು 15,000 ರೂಪಾಯಿ ದಾಟಬಾರದು, ಅಂದರೆ ನಿಮ್ಮ ಉಳಿತಾಯದ ಕಾಲು ಭಾಗ. ಸಾಧ್ಯವಾದರೆ ಅದನ್ನೂ ಉಳಿತಾಯದಿಂದ ತೆಗೆಯದೆ ಬರಲಿರುವ ಮೂರು ಸಂಬಳದಿಂದ ಐದೈದು ಸಾವಿರದಂತೆ ಹೊಂದಿಸಿ.

ಬೇಳೆಕಾಳನ್ನು ತಲೆಗೆ 33 ಗ್ರಾಂನಿಂದ 50 ಗ್ರಾಂಗೆ ಏರಿಸೋಣ. ತಿಂಗಳಿಗೆ ಏಳೂವರೆ ಕಿಲೋ, ಮೂರು ತಿಂಗಳಿಗೆ ಸುಮಾರು 23 ಕಿಲೋ. ಅಷ್ಟೂ ತೊಗರಿಬೇಳೆಯೇ ಆದರೆ ಹಣ ಸಾಲದು. ತೊಗರಿಬೇಳೆ ಹತ್ತು ಕಿಲೋ ಸಾಕು. ಹುರುಳಿಕಾಳು ಐದು ಕಿಲೋ ತನ್ನಿ. ನಮ್ಮ ಕಡೆ ಹುರುಳಿಯನ್ನು ದನದ ಮೇವು ಎಂದು ಮೂಗು ಮುರಿಯುವವರಿದ್ದಾರೆ, ಅವರು ಒಳ್ಳೆಯ ಹುರುಳಿ ಬಸ್ಸಾರು ಉಂಡಿಲ್ಲ. ಮೊಳಕೆ ಕಟ್ಟಿದರೆ ಒಂದು ಲೋಟ ಕಾಳು ಎರಡು ಲೋಟವಾಗುತ್ತದೆ, ಬೆಂದ ಕಟ್ಟಿನಲ್ಲಿ ಸಾರು, ಕಾಳಿನಲ್ಲಿ ಪಲ್ಯ, ಒಂದೇ ಕುದಿಯಲ್ಲಿ ಎರಡು ಅಡುಗೆ. ಉದ್ದಿನಬೇಳೆ ಮೂರು ಕಿಲೋ, ಕಡಲೆಬೇಳೆ ಎರಡು, ಹೆಸರುಬೇಳೆ ಮೂರು. ನಿಮ್ಮ ಮನೆಯಲ್ಲಿ ಅಲಸಂದೆ ಅಥವಾ ಒಣ ಅವರೆಕಾಳು ಹೆಚ್ಚು ಓಡುವುದಾದರೆ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಮನೆಯವರು ತಿನ್ನದ್ದನ್ನು ಅಗ್ಗವೆಂದು ತರಬೇಡಿ. ಸೋಯಾ ಉಂಡೆ, ಓಟ್ಸ್ ಮುಂತಾದವನ್ನು ಕಷ್ಟಕಾಲಕ್ಕೆಂದು ಮೊದಲ ಬಾರಿಗೆ ತಂದರೆ ಮಕ್ಕಳು ಮುಟ್ಟುವುದಿಲ್ಲ, ಕಡೆಗೆ ಹುಳುವೇ ತಿನ್ನುತ್ತದೆ.

ತೊಗರಿಯ ಕೊಯ್ಲು ಕಲಬುರಗಿ ಕಡೆ ಡಿಸೆಂಬರಿನಿಂದ ನಡೆಯುತ್ತದೆ. ಹೊಸ ಬೇಳೆ ಜನವರಿ, ಫೆಬ್ರುವರಿಯಲ್ಲಿ ನಮ್ಮ ಮಂಡಿಗಳನ್ನು ಮುಟ್ಟುತ್ತದೆ. ಹುರುಳಿಯೂ ಇದೇ ಹೊತ್ತಿನದು. ಆದ್ದರಿಂದ ಬೇಳೆಕಾಳನ್ನು ಈಗಲೇ ತರಬಹುದು. ಎಪಿಎಂಸಿಯ ಸಗಟು ಅಂಗಡಿಯಲ್ಲಿ ಕೊಂಡರೆ ಕಿಲೋಗೆ ಹತ್ತು–ಹದಿನೈದು ರೂಪಾಯಿ ಉಳಿದೀತು. ಆದರೆ ಲೆಕ್ಕ ನೋಡಿ: ಕಿಲೋಗೆ 15 ರೂಪಾಯಿ ಉಳಿದರೂ ಹತ್ತು ಕಿಲೋಗೆ 150 ರೂಪಾಯಿ. ಒಂದೂವರೆ ಕಿಲೋ ಬೇಳೆ ಹಾಳಾದರೆ ಆ ಲಾಭ ಹೋಯಿತು. ಹೆಚ್ಚು ಕೊಂಡು ಉಳಿಸುವ ಲೆಕ್ಕವೆಲ್ಲ ಕಾಪಾಡುವ ಕೈಯ ಮೇಲೆ ನಿಂತಿದೆ.

ಅಕ್ಕಿಗೆ ಎರಡು ಮೂಟೆ, ಅದಕ್ಕಿಂತ ಹೆಚ್ಚು ಬೇಡ. ಅಂಗಡಿಯಲ್ಲಿ 26 ಕಿಲೋದ ಮೂಟೆ ನೋಡಿ ಇದೇನು ವಿಚಿತ್ರ ತೂಕ ಎಂದುಕೊಂಡಿರಬಹುದು. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಹಚ್ಚಿದ ಪೊಟ್ಟಣದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂದಿತು. ಅದಕ್ಕಿಂತ ದೊಡ್ಡ ಮೂಟೆಗೆ ತೆರಿಗೆಯಿಲ್ಲ. ಗಿರಣಿಯವರು ಒಂದು ಕಿಲೋ ಸೇರಿಸಿ ಹೊಲಿದರು, ಅಷ್ಟೇ. ನೀವು ಮೂಟೆಯ ಬೆಲೆಯನ್ನು ತೂಕದಿಂದ ಭಾಗಿಸಿ ಕಿಲೋ ಬೆಲೆ ಹೋಲಿಸಿ. ಇನ್ನೊಂದು ಕಿವಿಮಾತು: ಈ ತಿಂಗಳುಗಳಲ್ಲಿ ಸಿಗುವ ಹೊಸ ಸೋನಾಮಸೂರಿ ಹಳೆಯದಕ್ಕಿಂತ ಅಗ್ಗ. ಹೊಸ ಅಕ್ಕಿಯ ಅನ್ನ ಅಂಟಂಟಾಗಿ ಮುದ್ದೆಯಾಗುತ್ತದೆಂದು ಜನ ಹಿಂಜರಿಯುತ್ತಾರೆ. ಇಟ್ಟಷ್ಟೂ ಅದು ಉದುರಾಗುತ್ತದೆ. ಈಗ ತಂದ ಹೊಸ ಅಕ್ಕಿಯನ್ನು ಮೇ ತಿಂಗಳಲ್ಲಿ ಬೇಯಿಸಿದರೆ ವ್ಯತ್ಯಾಸ ನಿಮಗೇ ಕಾಣುತ್ತದೆ. ಅಲ್ಲಿಯವರೆಗೆ ದೋಸೆ, ಇಡ್ಲಿ, ಬಿಸಿಬೇಳೆಬಾತಿಗೆ ಅದನ್ನೇ ಬಳಸಿ.

ಅಕ್ಕಿ ಕಡಿಮೆಯಾಯಿತೆಂದು ಅನಿಸಿದರೆ ಆ ಜಾಗಕ್ಕೆ ರಾಗಿ ಬರಲಿ. ತುಮಕೂರಿನವರಿಗೆ ನಾನು ರಾಗಿಯ ಪಾಠ ಹೇಳಬೇಕಾಗಿಲ್ಲ. ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಹುಳುವಿಗೆ ಹಲ್ಲೂರಲು ಜಾಗವಿಲ್ಲ. ಹಳೆ ಮೈಸೂರು ಸೀಮೆಯಲ್ಲಿ ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು, ಬರಗಾಲ ಬಂದಾಗ ತೆಗೆಯುತ್ತಿದ್ದರು. (ಹಗೇವು ತೆರೆದ ಕೂಡಲೇ ಒಳಗೆ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುವುದು. ಒಳಗೆ ಕೆಟ್ಟ ಗಾಳಿ ತುಂಬಿ ಜೀವ ಹೋದದ್ದುಂಟು.) ಹೊಲದಿಂದ ನೇರವಾಗಿ ಕೊಡುವ ರೈತರು ನಿಮ್ಮ ಸುತ್ತಲೇ ಇದ್ದಾರೆ. ಕಲ್ಲು, ಮಣ್ಣು ಆರಿಸಿ ಒಣಗಿಸಿದ 50 ಕಿಲೋ ರಾಗಿ ಒಂದು ಮೂಟೆ ತಂದಿಟ್ಟರೆ ವರ್ಷದ ಬಹುಪಾಲು ಆಯಿತು. ಆದರೆ ಹಿಟ್ಟು ಮಾಡಿಸಿಡಬೇಡಿ. ತಿಂಗಳಿಗೆ ನಾಲ್ಕೈದು ಕಿಲೋ ಮಾತ್ರ ಗಿರಣಿಗೆ ಕೊಡಿ.

ಹಿಟ್ಟಿನ ವಿಷಯದಲ್ಲಿ ನಾನು ಹಟಮಾರಿ. ಕಾಳು ಒಡೆದ ಕ್ಷಣದಿಂದ ಅದರೊಳಗಿನ ಎಣ್ಣೆಯ ಅಂಶಕ್ಕೆ ಗಾಳಿ ತಗುಲುತ್ತದೆ, ಕಮಟು ಶುರುವಾಗುತ್ತದೆ. ಸಜ್ಜೆ ಹಿಟ್ಟಂತೂ ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ, ಉತ್ತರ ಕರ್ನಾಟಕದ ಹೆಂಗಸರು ಅದನ್ನು ಆಗಾಗ ಸ್ವಲ್ಪ ಸ್ವಲ್ಪವೇ ಬೀಸಿಸುವುದು ಅದಕ್ಕೆ. ಗೋಧಿ ಹಿಟ್ಟು, ಮೈದಾ, ರವೆ, ಕಡಲೆಹಿಟ್ಟು ಯಾವುದನ್ನೂ ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ. ರವೆ ತಂದ ದಿನವೇ ಬಾಣಲೆಯಲ್ಲಿ ಬೆಚ್ಚಗೆ ಹುರಿದು ಆರಿಸಿ ತುಂಬಿದರೆ ಇನ್ನೂ ಸ್ವಲ್ಪ ದಿನ ತಡೆದೀತು. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಜನ ಸಾಲುಗಟ್ಟಿ ಹಿಟ್ಟು, ರವೆ ಕೊಂಡರು. ಆ ವರ್ಷ ಜುಲೈನಲ್ಲಿ ನನ್ನನ್ನು ಹೆಚ್ಚು ಜನ ಕೇಳಿದ್ದು ರವೆಯ ಹುಳುವಿನ ಬಗ್ಗೆಯೇ.

ಎಣ್ಣೆ ಎರಡು ತಿಂಗಳಿಗೆ ಸಾಕು, ಹೆಚ್ಚೆಂದರೆ ಎಂಟು ಲೀಟರ್. ಒಲೆಯ ಪಕ್ಕದ ಬಿಸಿ, ಕಿಟಕಿಯ ಬೆಳಕು ಎರಡೂ ಅದಕ್ಕೆ ಶತ್ರು. ಕೊಳ್ಳುವಾಗ ಪೊಟ್ಟಣ ತಿರುಗಿಸಿ ನೋಡಿ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ. ಅದೇ ಎತ್ತರದ, ಅದೇ ಬಣ್ಣದ ಪೊಟ್ಟಣದಲ್ಲಿ ಕಡಿಮೆ ತೂಕ ತುಂಬಿ ಹತ್ತು ರೂಪಾಯಿ ಕಡಿಮೆ ಬೆಲೆ ಹಾಕಿರುತ್ತಾರೆ. ಗ್ರಾಂಗೆ ಅಥವಾ ಮಿಲಿಲೀಟರ್‌ಗೆ ಎಷ್ಟು ಬೆಲೆ ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ, ಅದೊಂದೇ ನೋಡಬೇಕಾದ ಸಂಖ್ಯೆ. ಶೇಂಗಾ ಬೀಜ ಎರಡು ಕಿಲೋ ಮೀರಬೇಡಿ. ಹೆಚ್ಚು ಬೇಕಾದರೆ ಸಿಪ್ಪೆಯೊಂದಿಗೆ ಇರುವ ಕಾಯಿಯನ್ನೇ ತನ್ನಿ, ಅದು ಬಹಳ ದಿನ ಕಮಟು ಹಿಡಿಯುವುದಿಲ್ಲ.

ಇನ್ನು ಹುಣಸೆಹಣ್ಣು ಮತ್ತು ಮೆಣಸಿನಕಾಯಿ. ರಾಗಿಯಂತೆ ಇವನ್ನೂ ವರ್ಷಕ್ಕಾಗುವಷ್ಟು ಕೊಳ್ಳಿ, ಆದರೆ ಸ್ವಲ್ಪ ಕಾದು ಕೊಳ್ಳಿ. ಹುಣಸೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬರುತ್ತದೆ, ಅದರ ದೊಡ್ಡ ಮಾರುಕಟ್ಟೆ ನಿಮ್ಮ ಊರಿನಲ್ಲೇ ಇದೆ. ಬೀಜ, ನಾರು ತೆಗೆದು, ಎರಡು ದಿನ ಬಿಸಿಲಿಗೆ ಹಾಕಿ, ಕಲ್ಲುಪ್ಪು ಬೆರೆಸಿ ಪಿಂಗಾಣಿ ಜಾಡಿಯಲ್ಲೋ ಗಾಜಿನಲ್ಲೋ ಒತ್ತಿ ತುಂಬಿ. ತಗಡಿನ ಡಬ್ಬ, ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಜಾಡಿಯಲ್ಲಿ ಹುಣಸೆಯಿದ್ದವರ ಮನೆಯ ಸಾರಿಗೆ ಏನೂ ಆಗಲಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಆವಕ ಫೆಬ್ರುವರಿ–ಮಾರ್ಚ್‌ನಲ್ಲಿ ಹೆಚ್ಚು. ಬಣ್ಣಕ್ಕೆ ಅದು, ಖಾರಕ್ಕೆ ಗುಂಟೂರು, ಎರಡನ್ನೂ ಸೇರಿಸಿ ಮೂರು ಕಿಲೋ ನಿಮ್ಮ ಮನೆಗೆ ಸಾಕಾಗಬಹುದು. ಮುರಿದರೆ ಚಟಪಟ ಎನ್ನುವಷ್ಟು ಒಣಗಿಸಿ, ತೊಟ್ಟು ಬಿಡಿಸದೆ ಇಡಿ, ಪುಡಿ ಮಾಡುವಾಗ ಬಿಡಿಸಿದರಾಯಿತು. ಸಾರಿನ ಪುಡಿಯನ್ನು ಎರಡು ತಿಂಗಳಿಗೊಮ್ಮೆ ಮಾಡಿ, ಒಮ್ಮೆಗೇ ಹೆಚ್ಚು ಮಾಡಿದರೆ ಘಮ ಹೋಗುತ್ತದೆ. ಮೆಣಸಿನಕಾಯಿಯಲ್ಲಾಗಲಿ ಶೇಂಗಾದಲ್ಲಾಗಲಿ ಬೂಷ್ಟು ಕಂಡರೆ ತೊಳೆದು ಒರೆಸಿ ಬಳಸುವ ಜಿಪುಣತನ ಮಾಡಬೇಡಿ. ಅದರ ವಿಷ ಯಕೃತ್ತಿಗೆ ಹೋಗುತ್ತದೆ, ಕುದಿಸಿದರೂ ಹುರಿದರೂ ಹೋಗುವುದಿಲ್ಲ.

ಈಗ ಹುಳು. ಹೆಚ್ಚಿನ ಹುಳು ನಿಮ್ಮ ಮನೆಯಲ್ಲಿ ಹುಟ್ಟುವುದಿಲ್ಲ, ಮೊಟ್ಟೆಯಾಗಿ ಕಾಳಿನ ಜೊತೆಗೇ ಬಂದಿರುತ್ತದೆ. ಬೆಚ್ಚಗೆ, ತೇವವಾಗಿ ಇದ್ದರೆ ಒಡೆದು ಹೊರಬರುತ್ತದೆ. ಹೀಗಾಗಿ ಮಾರ್ಚ್‌ನ ಬಿಸಿಲು ನಿಮ್ಮ ದೊಡ್ಡ ಆಸ್ತಿ. ಇಡಿ ಕಾಳುಗಳನ್ನು (ಹುರುಳಿ, ಅಲಸಂದೆ, ಅವರೆ) ತಾರಸಿಯ ಮೇಲೆ ಕಪ್ಪು ಹಾಳೆ ಹಾಸಿ ತೆಳ್ಳಗೆ ಹರವಿ, ಹನ್ನೊಂದರಿಂದ ಮೂರು ಗಂಟೆಯವರೆಗೆ ಎರಡು ಮೂರು ದಿನ ಒಣಗಿಸಿ. ಈ ಕಾಳಿನ ಹುಳು ಇಡಿ ಕಾಳಿನ ಮೇಲೆಯೇ ಮೊಟ್ಟೆ ಇಡುವುದು. ಒಡೆದ ಬೇಳೆಗೆ ಅದರ ಕಾಟ ಬಹಳ ಕಡಿಮೆ, ಹಾಗಾಗಿ ಬೇಳೆಗೆ ಒಂದು ದಿನದ ಬಿಸಿಲು ಸಾಕು. ಬಿಸಿಲಿನಿಂದ ತಂದ ಕೂಡಲೇ ಡಬ್ಬಕ್ಕೆ ಸುರಿಯಬೇಡಿ. ನೆರಳಿನಲ್ಲಿ ಪೂರ್ತಿ ಆರಿದ ಮೇಲೆ ತುಂಬಿ, ಇಲ್ಲವಾದರೆ ಒಳಗೆ ಬೆವರಿ ನಾವೇ ತೇವ ಕೊಟ್ಟಂತಾಗುತ್ತದೆ. ಅಕ್ಕಿಯನ್ನು ಮಾತ್ರ ಸುಡುಬಿಸಿಲಿಗೆ ಹಾಕಬಾರದು, ಸೀಳುಬಿಟ್ಟು ಅನ್ನ ನುಚ್ಚಾಗುತ್ತದೆ. ಅದಕ್ಕೆ ನೆರಳು, ಗಾಳಿ.

ತೊಗರಿಬೇಳೆಗೆ ಕಿಲೋಗೆ ಒಂದು ಚಮಚದಂತೆ ಹರಳೆಣ್ಣೆ ಸವರಿ ಇಡುವುದು ನಮ್ಮ ಅಜ್ಜಿಯರ ಕ್ರಮ, ಅದು ಕೆಲಸ ಮಾಡುತ್ತದೆ. ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ತೊಳೆದರೆ ವಾಸನೆಯಿರುವುದಿಲ್ಲ. ಒಣ ಬೇವಿನೆಲೆ, ಮೆಣಸಿನಕಾಯಿ ಹಾಕುವುದರಿಂದ ತೊಂದರೆಯಿಲ್ಲ, ಆದರೆ ಒದ್ದೆ ಡಬ್ಬವನ್ನು ಅವು ಕಾಪಾಡುವುದಿಲ್ಲ. ಬೋರಿಕ್ ಪುಡಿಯನ್ನು ತಿನ್ನುವ ಅಕ್ಕಿಗೆ ಬೆರೆಸಬೇಡಿ, ಅಂಗಡಿಯವನು ಎಷ್ಟೇ ಭರವಸೆ ಕೊಡಲಿ. ಗೋದಾಮುಗಳಲ್ಲಿ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಯಾರಾದರೂ ‘ಒಂದೇ ಒಂದು ಸಾಕು’ ಎಂದು ತಂದುಕೊಟ್ಟರೆ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಅದರಿಂದ ಹೊರಡುವ ಅನಿಲ ಮಲಗಿರುವವರನ್ನು ಕೊಲ್ಲುತ್ತದೆ. ಎರಡು ಕೋಣೆಯ ಮನೆಯಲ್ಲಿ ಮಕ್ಕಳು ಮಲಗುವ ಜಾಗಕ್ಕೂ ಮೂಟೆಗೂ ಎಷ್ಟು ದೂರ ಇದ್ದೀತು?

ಡಬ್ಬ ಯಾವುದಾದರೂ ಸರಿ, ಮುಚ್ಚಳ ಬಿಗಿಯಾಗಿರಲಿ, ಕಂಠದವರೆಗೆ ತುಂಬಿರಲಿ. ಹಳೆಯ ಬೇಳೆಯ ಮೇಲೆ ಹೊಸದನ್ನು ಸುರಿಯುವ ಅಭ್ಯಾಸ ಇದ್ದರೆ ಇಂದೇ ಬಿಡಿ. ತಳದಲ್ಲಿ ಉಳಿದ ಒಂದು ಹಿಡಿ ಹುಡಿಯೇ ಇಡೀ ಡಬ್ಬವನ್ನು ಕೆಡಿಸುತ್ತದೆ. ಮೂಟೆ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಸೋಪು, ಊದುಬತ್ತಿ, ಫಿನಾಯಿಲ್ ಅದೇ ಮೂಲೆಯಲ್ಲಿ ಬೇಡ, ಅಕ್ಕಿ, ಚಹಾಪುಡಿ ವಾಸನೆಯನ್ನು ಬೇಗ ಎಳೆದುಕೊಳ್ಳುತ್ತವೆ. (ಸೋಪನ್ನು ಹೊದಿಕೆ ಬಿಚ್ಚಿ ಗಾಳಿಗೆ ಇಟ್ಟರೆ ಗಟ್ಟಿಯಾಗಿ ಹೆಚ್ಚು ದಿನ ಬರುತ್ತದೆ.) ಹದಿನೈದು ದಿನಕ್ಕೊಮ್ಮೆ ಮೂಟೆಯ ನಡುವಿಗೆ ಕೈ ಹಾಕಿ ನೋಡಿ. ಒಳಗೆ ಬೆಚ್ಚಗಿದ್ದರೆ ಹುಳುವೋ ತೇವವೋ ಸೇರಿದೆ ಎಂದೇ ಅರ್ಥ, ಕಣ್ಣಿಗೆ ಕಾಣದಿದ್ದರೂ. ಕೂಡಲೇ ಹರವಿ, ಜರಡಿ ಹಿಡಿದು, ಆ ಮೂಟೆಯನ್ನೇ ಮೊದಲು ಖರ್ಚು ಮಾಡಿ.

ಮನೆಯಲ್ಲಿ ತುಂಬಿದ ಡಬ್ಬ ಕಂಡರೆ ಕೈ ಧಾರಾಳವಾಗುತ್ತದೆ. ಇದು ನಿಮ್ಮ ದೋಷವಲ್ಲ, ಎಲ್ಲರ ಕೈಯೂ ಹಾಗೆಯೇ. ದೊಡ್ಡ ಮನೆಗಳಲ್ಲಿ ಉಗ್ರಾಣದ ಬೀಗದ ಕೈ ಹಿರಿಯರ ಸೊಂಟದಲ್ಲಿರುತ್ತಿದ್ದುದು, ಬೆಳಿಗ್ಗೆ ಪಾವಿನಲ್ಲಿ ಅಳೆದು ಅಂದಿನ ಅಡುಗೆಗೆ ಕೊಡುತ್ತಿದ್ದುದು ಇದೇ ಕಾರಣಕ್ಕೆ. ನಿಮ್ಮ ಅತ್ತೆಯವರಿಗೆ ಈ ಜವಾಬ್ದಾರಿ ಕೊಟ್ಟು ನೋಡಿ. ತಿಂಗಳ ಮೊದಲ ದಿನ ದೊಡ್ಡ ಡಬ್ಬದಿಂದ ಚಿಕ್ಕ ಡಬ್ಬಕ್ಕೆ ಆ ತಿಂಗಳ ಪಾಲು, ಅಲ್ಲಿಗೆ ದೊಡ್ಡದಕ್ಕೆ ಮುಚ್ಚಳ. ಇಪ್ಪತ್ತೈದಕ್ಕೇ ಖಾಲಿಯಾದರೆ ಅಂದಾಜು ತಪ್ಪಿದ್ದು ಮೊದಲ ತಿಂಗಳಲ್ಲೇ ಗೊತ್ತಾಗುತ್ತದೆ. ಫೆಬ್ರುವರಿಯಲ್ಲೇ ಒಮ್ಮೆ ಇದನ್ನು ಆಡಿ ನೋಡಿ: ಆ ತಿಂಗಳ ಅಡುಗೆಮನೆಯ ಖರ್ಚನ್ನು ನಿಮ್ಮ ಹೊಲಿಗೆಯ ಹಣದಲ್ಲಿ ಮಾತ್ರ ನಡೆಸಿ, ಪತಿಯ ಸಂಬಳವನ್ನು ಅದಕ್ಕೆ ಮುಟ್ಟಬೇಡಿ. ಎಲ್ಲಿ ಹಿಡಿಯುತ್ತದೆ, ಎಲ್ಲಿ ಸಡಿಲವಿದೆ ಎಂದು ಆ ಒಂದು ತಿಂಗಳು ಹೇಳುವಷ್ಟು ನಾನು ಹೇಳಲಾರೆ.

ಉಳಿದ ಹಣವನ್ನು ಹಣವಾಗಿಯೇ ಇಡಿ. ಹಾಲು, ಮೊಟ್ಟೆ, ಸೊಪ್ಪು, ತರಕಾರಿಯನ್ನು ಡಬ್ಬದಲ್ಲಿ ಇಡಲಾಗುವುದಿಲ್ಲ, ಮಕ್ಕಳಿಗೆ ಅವು ಬೇಕು. ಬಾಡಿಗೆಯನ್ನು ಅಕ್ಕಿಯಲ್ಲಿ ಕಟ್ಟಲಾಗುವುದಿಲ್ಲ. ಒಂದು ಸಿಲಿಂಡರ್ ಹೆಚ್ಚುವರಿಯಾಗಿ ಇದ್ದರೆ ಅದನ್ನು ಮಾರ್ಚ್‌ನಲ್ಲಿ ತುಂಬಿಸಿಟ್ಟುಕೊಳ್ಳಿ. ಕಾಳುಗಳನ್ನು ರಾತ್ರಿಯೇ ನೆನೆಹಾಕಿದರೆ ಅನಿಲವೂ ಉಳಿಯುತ್ತದೆ. ಇದಕ್ಕೆಲ್ಲ ಸಾಲ ಮಾಡುವುದು, ಕ್ರೆಡಿಟ್ ಕಾರ್ಡ್ ಉಜ್ಜುವುದು, ಒಡವೆ ಅಡವಿಡುವುದು ಬೇಡ. ಬಡ್ಡಿಗೆ ತಂದ ಬೇಳೆ ಎಂದೂ ಅಗ್ಗವಾಗುವುದಿಲ್ಲ.

ನಿಮ್ಮ ಬೀದಿಯ ಕಿರಾಣಿ ಅಂಗಡಿಯ ಬಗ್ಗೆ ಒಂದು ಮಾತು. ಸಗಟಿನಲ್ಲಿ ಅಗ್ಗವೆಂದು ಮೂರು ತಿಂಗಳು ಆ ಅಂಗಡಿಯ ಮೆಟ್ಟಿಲು ಹತ್ತದೆ, ಜುಲೈನಲ್ಲಿ ಕೈ ಬರಿದಾದಾಗ ಉದ್ರಿ ಕೇಳಲು ಹೋದರೆ ಅವರು ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ತೋರಿಸುತ್ತಾರೆ, ತಪ್ಪಿಲ್ಲ. ಸಕ್ಕರೆ, ಉಪ್ಪು, ಚಹಾಪುಡಿ, ಸಾಸಿವೆ, ಜೀರಿಗೆಯಂಥ ಸಣ್ಣ ಸಾಮಾನನ್ನು ಅಲ್ಲೇ ಕೊಳ್ಳುತ್ತಿರಿ, ನಗದು ಕೊಡುತ್ತಿರಿ. ಹಳೆಯ ಬಾಕಿ ಇದ್ದರೆ ಮಾರ್ಚ್ ಒಳಗೆ ತೀರಿಸಿ. ಕೆಲಸ ಹೋಗುವ ವಿಷಯವನ್ನು ಮುಚ್ಚಿಡಬೇಕಿಲ್ಲ. ಲೆಕ್ಕದಲ್ಲಿ ನೇರವಾಗಿರುವ ಗಿರಾಕಿಯನ್ನು ಅಂಗಡಿಯವರು ಕಷ್ಟದಲ್ಲಿ ಬಿಟ್ಟದ್ದು ನಾನು ಕಂಡದ್ದು ಕಡಿಮೆ.

ಪಡಿತರದ ವಿಚಾರವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮದು ಎಪಿಎಲ್ ಕಾರ್ಡ್ ಇರಬೇಕು. ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಸಂಬಳ ನಿಂತು ಹೊಲಿಗೆಯ ಹಣ ಮಾತ್ರ ಉಳಿದರೆ ನೀವು ಆ ಮಿತಿಯೊಳಗೆ ಬರಬಹುದು. ಅರ್ಜಿ ಸ್ವೀಕಾರ ವರ್ಷವಿಡೀ ತೆರೆದಿರುವುದಿಲ್ಲ. ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ವಿಚಾರಿಸುತ್ತಿರಿ, ನಾಡಕಚೇರಿಯಿಂದ ಹೊಸ ಆದಾಯ ಪ್ರಮಾಣಪತ್ರಕ್ಕೆ ಏಪ್ರಿಲ್ ನಂತರ ಅರ್ಜಿ ಹಾಕಿ. ಕಾರ್ಡ್ ಬಂದರೆ ಕೇಂದ್ರದ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ತಲೆಗೆ ಐದು ಕಿಲೋ ಧಾನ್ಯ ಉಚಿತ. ಅದರ ಮೇಲೆ ರಾಜ್ಯ ಕೊಡುವುದು ಹಣವೋ ಅಕ್ಕಿಯೋ ಬೇರೆ ಸಾಮಗ್ರಿಯೋ ಎಂಬುದು 2023ರಿಂದ ಬದಲಾಗುತ್ತಲೇ ಬಂದಿದೆ. ಐವರಿಗೆ 25 ಕಿಲೋ ಎಂದರೆ ನಿಮ್ಮ ತಿಂಗಳ ಅಕ್ಕಿಯೇ ಬಂದಂತೆ. ಅಕ್ಕಿಗೆ ಈಗಲೇ ಹೆಚ್ಚು ಹಣ ಹೂಡಬೇಡಿ ಎಂದದ್ದಕ್ಕೆ ಇದು ಇನ್ನೊಂದು ಕಾರಣ. ಆದರೆ ಕಾರ್ಡ್ ಕೈಗೆ ಬರುವವರೆಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಿಮ್ಮ ಅಕ್ಕ ಹತ್ತಿರದಲ್ಲೇ ಇದ್ದರೆ ಅವರನ್ನು ಇದರೊಳಗೆ ಸೇರಿಸಿಕೊಳ್ಳಿ. ಒಂದು ಮೂಟೆ ಬೇಳೆ, ಒಂದು ಚೀಲ ಮೆಣಸಿನಕಾಯಿಯನ್ನು ಎರಡು ಮೂರು ಮನೆಯವರು ಸೇರಿ ಕೊಂಡು ಹಂಚಿಕೊಂಡರೆ ಸಗಟು ಬೆಲೆ ಎಲ್ಲರಿಗೂ ಸಿಗುತ್ತದೆ, ಯಾರ ಮನೆಯಲ್ಲೂ ವರ್ಷದ ರಾಶಿ ಬೀಳುವುದಿಲ್ಲ. ಅವರ ಆಸೆಯೂ ಅರ್ಧ ನೆರವೇರಿದಂತಾಯಿತು.

ಕೊನೆಯದಾಗಿ, ಮಂಡಿಗೆ ಹೋಗುವ ಮುಂಚೆ ಔಷಧಿ ಅಂಗಡಿಗೆ ಹೋಗಿ. ನಿಮ್ಮ ಅತ್ತೆಯವರಿಗೆ ರಕ್ತದೊತ್ತಡಕ್ಕೋ ಸಕ್ಕರೆಗೋ ದಿನದ ಮಾತ್ರೆ ಇದ್ದರೆ ವೈದ್ಯರ ಚೀಟಿ ಹಿಡಿದು ಜನೌಷಧಿ ಕೇಂದ್ರದಲ್ಲಿ ಮೂರು ತಿಂಗಳಿನದನ್ನು ತನ್ನಿ, ಅವಧಿ ಮುಗಿಯುವ ದಿನಾಂಕ ನೋಡಿಕೊಂಡು. ಆಮೇಲೆ ಈ ವಾರ ತೊಗರಿಬೇಳೆ ಮತ್ತು ಹುರುಳಿ, ಫೆಬ್ರುವರಿಯಲ್ಲಿ ಅಕ್ಕಿ ಮತ್ತು ರಾಗಿ, ಮಾರ್ಚ್‌ನಲ್ಲಿ ಹುಣಸೆ ಮತ್ತು ಮೆಣಸಿನಕಾಯಿ. ಎಣ್ಣೆ ಕೊನೆಯ ಸಂಬಳದ ದಿನಕ್ಕೆ ಇರಲಿ.